ಗಾನಲೋಲ ಅರಸರು: ಶ್ರೀ ಜಯಚಾಮರಾಜೇಂದ್ರ ಒಡೆಯರ್

ಈ ಶತಮಾನೋತ್ಸವ ಸಂಚಿಕೆಗೆ ಸಂಗೀತಗಾರರೊಬ್ಬರ ಜೀವನಚರಿತ್ರೆ ಬೇಕೆಂದು ನಮ್ಮ ಧರ್ಮಕೇಂದ್ರದ ಗಾನವೃಂದದವರು ಅಪೇಕ್ಷಿಸಿದಾಗ ಅವರ ಮನಸ್ಸಿನಲ್ಲಿದ್ದುದು ಬಾಖ್ ಅಥವಾ ಪಾಲೆಸ್ತ್ರೀನಾ ಅವರಂತಹ ದೇವಾಲಯಸಂಗೀತದ ಮಹನೀಯರಿರಬಹುದು. ಅವರ ಜೀವನಚರಿತ್ರೆಗಳು ಬೇರೆಡೆ ಬೇಕಾದಷ್ಟು ದೊರೆಯುತ್ತವೆ. ನಾವು ಆರಿಸಿಕೊಂಡಿರುವುದು ನಮ್ಮ ನಾಡಿನವರನ್ನೇ. ದುರ್ಗದ ಕೋಟೆಯ ಕೆಳಗೆ, ಚಂದ್ರವಳ್ಳಿಯ ಕಣಿವೆಯ ಮಗ್ಗುಲಲ್ಲಿ ಬಾಳಿದ ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದವರು. ಆ ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಸ್ವತಃ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಕರ್ನಾಟಕ ಸಂಗೀತದಲ್ಲಿಯೂ ಅವರಷ್ಟು ಆಳವಾಗಿ ಇಳಿದ ಮತ್ತೊಬ್ಬ ಭಾರತೀಯ ಅರಸರನ್ನು ನಾವು ಕಾಣೆವು. ಅವರು ನಮ್ಮ ಮತದವರಲ್ಲ. ಆದರೂ ವಾರಕ್ಕೊಮ್ಮೆ ಹಾರ್ಮೋನಿಯಂ ಮುಂದೆ ಕುಳಿತು, ಕನ್ನಡದ ಭಕ್ತಿಗೀತೆಗೆ ಯಾವ ಧಾಟಿ ಒಪ್ಪೀತೆಂದು ಚರ್ಚಿಸುವ ನಮ್ಮ ಯುವಕ ಯುವತಿಯರಿಗೆ ಅವರ ಜೀವನದಲ್ಲಿ ತಿಳಿಯಬೇಕಾದುದು ಬಹಳವಿದೆಯೆಂದು ನಮಗೆ ತೋರಿದೆ.

ಜಯಚಾಮರಾಜೇಂದ್ರರು ಜನಿಸಿದುದು 1919ನೆಯ ಇಸವಿ ಜುಲೈ 18ರಂದು. ತಂದೆ ಯುವರಾಜ ಶ್ರೀ ಕಂಠೀರವ ನರಸಿಂಹರಾಜ ಒಡೆಯರ್. ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರು. ದಂಪತಿಗಳಿಗೆ ಇವರೊಬ್ಬರೇ ಗಂಡುಮಗ. ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಈ ಬಾಲಕನ ಮೇಲೆ ಇಡೀ ಸಂಸ್ಥಾನದ ಕಣ್ಣಿತ್ತು.

ಅಂದಿನ ಮೈಸೂರು ಅರಮನೆಯನ್ನು ಸಂಗೀತದ ಮನೆಯೆಂದೇ ಕರೆಯಬಹುದು. ವೀಣೆ ಶೇಷಣ್ಣನವರು 1926ರವರೆಗೆ ಬದುಕಿದ್ದರು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರಿದ್ದರು, ವೀಣೆ ವೆಂಕಟಗಿರಿಯಪ್ಪನವರಿದ್ದರು; ಹರಿಕೇಶನಲ್ಲೂರಿನಿಂದ ಬಂದ ಮುತ್ತಯ್ಯ ಭಾಗವತರು ನಾಲ್ವಡಿಯವರ ಆಶ್ರಯದಲ್ಲಿ ಚಾಮುಂಡೇಶ್ವರಿಯ ಅಷ್ಟೋತ್ತರಕ್ಕೆ ತಕ್ಕಂತೆ 108 ಕೃತಿಗಳನ್ನು ರಚಿಸಿದರು. ನಾಲ್ವಡಿಯವರು ತಾವೇ ಹಲವು ವಾದ್ಯಗಳನ್ನು ಬಲ್ಲವರು. ಅವರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಯಲ್ಲಿಯೇ ಪಾಶ್ಚಾತ್ಯ ಕ್ರಮದ ಬ್ಯಾಂಡೂ ಇತ್ತು. ವೆಂಕಟಗಿರಿಯಪ್ಪನವರು ಆ ಎರಡನ್ನೂ ಕೇಳಿ ಕೇಳಿ, ವೀಣೆಯಲ್ಲಿ ನುಡಿಸಲೆಂದು ನಗ್ಮಾ ಎಂಬ ಹೊಸ ಜಾತಿಯ ರಚನೆಗಳನ್ನೇ ಮಾಡಿದರು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನದ ಗೀತೆಯನ್ನು ದಸರಾ ದರ್ಬಾರಿನಲ್ಲಿ ವಾದ್ಯವೃಂದಗಳು ನುಡಿಸುತ್ತಿದ್ದವು; ಶಾಲೆಗಳಲ್ಲಿ ಮಕ್ಕಳು ಒಕ್ಕೊರಲಿನಿಂದ ಹಾಡುತ್ತಿದ್ದರು. ನಮ್ಮ ಮುತ್ತಜ್ಜಿಯರ ಪೀಳಿಗೆಯಲ್ಲಿ ಅದನ್ನು ಬಾಯಿಪಾಠ ಬಲ್ಲವರು ಬಹಳ ಮಂದಿ ಇದ್ದರು.

ಇಂತಹ ಮನೆಯಲ್ಲಿ ಬೆಳೆದ ಹುಡುಗನು ವೀಣೆಯನ್ನೇ ಹಿಡಿಯುವನೆಂದು ಯಾರಾದರೂ ಊಹಿಸಿಯಾರು. ಆದರೆ ಅವನನ್ನು ಸೆಳೆದುದು ಪಿಯಾನೊ. ಯುವರಾಜರ ಮಕ್ಕಳಲ್ಲಿ ಪಾಶ್ಚಾತ್ಯ ಸಂಗೀತದ ಅಭಿರುಚಿ ಬಲವಾಗಿತ್ತು. ಜಯಚಾಮರಾಜರ ಸೋದರಿ ರಾಜಕುಮಾರಿ ವಿಜಯಾದೇವಿಯವರು ಪಿಯಾನೊ ಕಲಿತುದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಕನ್ಯಾಸ್ತ್ರೀಯರಲ್ಲಿ ಎಂಬುದನ್ನು ನಮ್ಮ ಓದುಗರು ಸಂತೋಷದಿಂದ ಗಮನಿಸಬಹುದು. ಶಾಲೆ, ಆಸ್ಪತ್ರೆಗಳ ವಿಷಯವಾಗಿ ನಮ್ಮ ಸೋದರಿಯರ ಸೇವೆಯನ್ನು ಎಲ್ಲರೂ ಬಲ್ಲರು. ಅವರು ಎಷ್ಟೋ ಮನೆಗಳ ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸಿದರೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಯಚಾಮರಾಜರು ಮೈಸೂರಿನ ಮಹಾರಾಜ ಕಾಲೇಜಿನಿಂದ 1938ರಲ್ಲಿ ಪದಕಗಳೊಡನೆ ಪದವಿ ಪಡೆದರು. 1939ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡರು. ಯುದ್ಧದ ಮೋಡ ಕವಿಯುತ್ತಿದ್ದ ಆ ವರ್ಷದಲ್ಲಿ ಲಂಡನ್ನಿನ ವಿದ್ವತ್ ಸಂಸ್ಥೆಗಳನ್ನೂ ಕಲಾವಿದರನ್ನೂ ಕಂಡುಬಂದ ಈ ಯುವಕರ ಮನಸ್ಸಿನಲ್ಲಿ ಒಂದೇ ಹಂಬಲ ಗಟ್ಟಿಯಾಗಿತ್ತು: ಸಭೆಗಳಲ್ಲಿ ನುಡಿಸುವ ಪಿಯಾನೊ ಕಲಾವಿದನಾಗಬೇಕೆಂಬುದು. ಅದು ಶ್ರೀಮಂತರ ಮಕ್ಕಳ ಶೋಕಿಯಾಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರದಾಯಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು.

ಆದರೆ 1940ನೆಯ ವರ್ಷ ಎಲ್ಲವನ್ನೂ ತಿರುಗಿಸಿತು. ಮಾರ್ಚ್ ತಿಂಗಳಲ್ಲಿ ತಂದೆ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ದೊಡ್ಡಪ್ಪಂದಿರಾದ ನಾಲ್ವಡಿಯವರೂ ದೈವಾಧೀನರಾದರು. ಇಪ್ಪತ್ತೊಂದು ವರ್ಷದ ಜಯಚಾಮರಾಜರು ಸೆಪ್ಟೆಂಬರ್ 8ರಂದು ಸಿಂಹಾಸನವನ್ನೇರಿದರು. ಸಂಸ್ಥಾನದ ಜನರಿಗೆ ಅದು ದುಃಖದ ನಡುವೆ ಬಂದ ಹಬ್ಬ. ಅರಸರಿಗೆ ಮಾತ್ರ ಅದು ತಮ್ಮ ಪಿಯಾನೊ ಮುಚ್ಚಿದ ದಿನ. ಹೊರನಾಡಿನ ವೇದಿಕೆಗಳಲ್ಲಿ ನುಡಿಸುವ ಕಲಾವಿದನಿಗೆ ದಿನಕ್ಕೆ ಆರೆಂಟು ಗಂಟೆಗಳ ಸಾಧನೆ ಬೇಕು. ರಾಜ್ಯವಾಳುವವನಿಗೆ ಅಷ್ಟು ಬಿಡುವೆಲ್ಲಿ? ಯಾಜಕತ್ವಕ್ಕೆ ಬಂದ ನಮ್ಮಲ್ಲಿ ಅನೇಕರು ಒಂದೊಂದು ಇಷ್ಟವನ್ನು ಬಿಟ್ಟುಬಂದವರೇ. ಆದರೆ ನಾವು ಒಪ್ಪಿ ಬಿಟ್ಟೆವು. ಅವರಿಗೆ ಒಪ್ಪುವ ಅವಕಾಶವೇ ಇರಲಿಲ್ಲ. ಅರಮನೆಯಲ್ಲಿ ಪಿಯಾನೊಗಳು ಉಳಿದವು. ಅರಸರು ಏಕಾಂತದಲ್ಲಿ ನುಡಿಸಿಕೊಳ್ಳುತ್ತಿದ್ದರು. ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು.

ಮುಂದಿನ ಹತ್ತು ವರ್ಷಗಳಲ್ಲಿ ಅವರ ಸಂಗೀತಪ್ರೀತಿ ಎರಡು ಕವಲಾಗಿ ಹರಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಾವು ನುಡಿಸಲಾಗದ ಪಾಶ್ಚಾತ್ಯ ಸಂಗೀತಕ್ಕೆ ಅವರು ಪೋಷಕರಾದರು. ತಾವು ಅದುವರೆಗೆ ಅಷ್ಟಾಗಿ ಮನಸ್ಸುಗೊಡದಿದ್ದ ಕರ್ನಾಟಕ ಸಂಗೀತಕ್ಕೆ ಶಿಷ್ಯರಾದರು. ಎರಡನೆಯದನ್ನು ಮೊದಲು ಹೇಳುತ್ತೇವೆ. ಅವರು ವಾಗ್ಗೇಯಕಾರರಾದುದು ಅಲ್ಲಿ.

ಮೈಸೂರು ವಾಸುದೇವಾಚಾರ್ಯರು 1865ರಲ್ಲಿ ಹುಟ್ಟಿದವರು. ಜಯಚಾಮರಾಜರು ಪಟ್ಟಕ್ಕೆ ಬಂದಾಗ ಅವರಿಗೆ ಎಪ್ಪತ್ತೈದು ವರ್ಷ. ತ್ಯಾಗರಾಜರ ಶಿಷ್ಯಪರಂಪರೆಯಲ್ಲಿ ಪಟ್ನಂ ಸುಬ್ರಹ್ಮಣ್ಯ ಅಯ್ಯರವರಿಂದ ಕಲಿತ ಆ ವೃದ್ಧ ವಿದ್ವಾಂಸರು, ಸ್ವರಲಿಪಿಯನ್ನು ಇಂಗ್ಲಿಷ್ ಕ್ರಮದಲ್ಲಿ ಓದಿ ಬೆಳೆದ ಯುವ ಅರಸರಿಗೆ ಮಾರ್ಗದರ್ಶಕರಾದರು. ರಾಗದ ಜೀವಸ್ವರ ಯಾವುದು, ಗಮಕವೆಲ್ಲಿ ಕೂಡಬೇಕು, ಪಲ್ಲವಿಯಿಂದ ಅನುಪಲ್ಲವಿಗೆ ಏರುವ ಹದವೇನು ಎಂಬುದನ್ನೆಲ್ಲ ದೊರೆ ಶಿಷ್ಯನಂತೆ ಕುಳಿತು ತಿಳಿಯಬೇಕಾಯಿತು. ಕಿವಿ ಒಂದು ಪದ್ಧತಿಯಲ್ಲಿ ಪಳಗಿದ ಮೇಲೆ ಮತ್ತೊಂದನ್ನು ಮೊದಲಿನಿಂದ ಕಲಿಯುವುದು ಸುಲಭದ ಮಾತಲ್ಲ. ಪಿಯಾನೊವಿನ ಒಂದೊಂದು ಮಣೆಯೂ ಒಂದೊಂದು ನಿಂತ ಸ್ವರ. ಕರ್ನಾಟಕ ಸಂಗೀತದ ಸ್ವರವಾದರೋ ನಿಂತಲ್ಲಿ ನಿಲ್ಲುವುದಿಲ್ಲ, ಪಕ್ಕದ ಸ್ವರವನ್ನು ಸವರಿ, ತೂಗಿ, ಮರಳುತ್ತದೆ. ಹಾರ್ಮೋನಿಯಂನಲ್ಲಿ ತೋಡಿ ರಾಗವನ್ನು ನುಡಿಸಹೊರಟ ನಮ್ಮ ಗಾನವೃಂದದ ತರುಣರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಪ್ರೇರಣೆ ದೇವತೋಪಾಸನೆ. ಅರಸರು ಶ್ರೀವಿದ್ಯೆಯೆಂಬ ದೇವೀ ಉಪಾಸನೆಯನ್ನು ಸ್ವೀಕರಿಸಿದರು. ದೀಕ್ಷೆ ಕೊಟ್ಟವರು ಶಿಲ್ಪಿ ಸಿದ್ಧಲಿಂಗಸ್ವಾಮಿಗಳು. ಇವರು ಕಲ್ಲು ಕೆತ್ತುವ ಕೈಯುಳ್ಳ ಗುರು. ಮೈಸೂರು ಅರಮನೆಯ ಕೋಟೆಯೊಳಗಿನ ಭುವನೇಶ್ವರಿ ಮತ್ತು ಗಾಯತ್ರೀ ದೇವಾಲಯಗಳ ಶಿಲ್ಪ ಅವರದು. ದೀಕ್ಷೆಯಲ್ಲಿ ಅರಸರಿಗೆ ದೊರೆತ ಹೆಸರು ಚಿತ್ಪ್ರಭಾನಂದ. ಈ ಸಾಧನೆಯ ತತ್ತ್ವವನ್ನು ವಿವರಿಸಲು ನಾವು ಅಧಿಕಾರಿಗಳಲ್ಲ. ಆದರೆ ಪ್ರಾರ್ಥನೆಯಿಂದ ಹಾಡು ಹುಟ್ಟುವ ಕ್ರಮವನ್ನು ನಮ್ಮ ಪವಿತ್ರ ಸಭೆಯೂ ಬಲ್ಲದು. ನಮ್ಮ ಕೀರ್ತನೆಗಳ ಗ್ರಂಥವು ದಾವೀದನೆಂಬ ಒಬ್ಬ ಅರಸನ ಹೆಸರಿನೊಡನೆಯೇ ಬಂದಿದೆಯಲ್ಲವೆ?

ಹೀಗೆ 1940ರ ದಶಕದಲ್ಲಿ ಈ ಅರಸರಿಂದ 94 ಕೃತಿಗಳು ಹೊರಬಂದವು. ಎಲ್ಲವೂ ಸಂಸ್ಕೃತದಲ್ಲಿವೆ. ಗಣಪತಿಯ ಮೇಲಿನ ಅಠಾಣ ರಾಗದ ಕೃತಿ, ಗಂಭೀರನಾಟದಲ್ಲಿ ಜಾಲಂಧರ ಪೀಠದ ದೇವಿಯನ್ನು ಕುರಿತದ್ದು, ಹಿಂದೋಳದಲ್ಲಿ ಜಗದಂಬೆಯನ್ನು ಧ್ಯಾನಿಸುವುದು, ನಾದನಾಮಕ್ರಿಯೆಯಲ್ಲಿ ಶಿವನನ್ನು ಕೂಗಿ ಕರೆಯುವುದು, ಇವು ಇಂದಿಗೂ ಸಂಗೀತ ಸಭೆಗಳಲ್ಲಿ ಕೇಳಿಬರುತ್ತವೆ. ಒಮ್ಮೆ ಬಳಸಿದ ರಾಗವನ್ನು ಅವರು ಮತ್ತೆ ಬಳಸಲಿಲ್ಲ. ಹತ್ತು ಹನ್ನೆರಡು ಜನಪ್ರಿಯ ರಾಗಗಳಲ್ಲಿಯೇ ಸುತ್ತಾಡದೆ, ವಿದ್ವಾಂಸರೂ ಅಪರೂಪಕ್ಕೆ ಮುಟ್ಟುವ ರಾಗಗಳನ್ನು ಹುಡುಕಿ ಹುಡುಕಿ ತೆಗೆದರು. ಕೆಲವಕ್ಕೆ ಅವರ ಕೃತಿಯೇ ಮೊದಲ ಕೃತಿ. ಸಾಹಿತ್ಯದೊಳಗೆ ರಾಗದ ಹೆಸರನ್ನು ನೇಯುವುದು, ಸಂಸ್ಕೃತವನ್ನು ಬಳಸುವುದು, ಶ್ರೀವಿದ್ಯೆಯ ಪರಿಭಾಷೆಯನ್ನು ತರುವುದು, ಇವೆಲ್ಲ ಮುತ್ತುಸ್ವಾಮಿ ದೀಕ್ಷಿತರ ಜಾಡು.

ಕೃತಿಗಳ ಅಂಕಿತ ಶ್ರೀವಿದ್ಯಾ. ಅದರಲ್ಲಿ ರಾಜನ ಹೆಸರಿನ ಒಂದಕ್ಷರವೂ ಇಲ್ಲ. ತಮ್ಮ ಹೆಸರು ಚಿನ್ನದ ನಾಣ್ಯದ ಮೇಲೂ ಕಟ್ಟಡದ ಕಲ್ಲಿನ ಮೇಲೂ ಇರಬೇಕೆಂದು ಬಯಸುವುದು ಅರಸರ ಜಾತಿಗುಣ. ಈ ಅರಸರು ತಮ್ಮ ಸ್ವಂತ ಕೈಕೆಲಸದ ಮೇಲೆಯೇ ಹೆಸರು ಹಾಕಲಿಲ್ಲ.

ಇನ್ನು ಮೊದಲನೆಯ ಕವಲಿಗೆ ಬರೋಣ. ನಿಕೊಲಾಯ್ ಮೆಟ್ನರ್ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಬಹುಮಂದಿ ಕೇಳಿರಲಾರರು. 1880ರ ಆರಂಭದಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈ ಪಿಯಾನೊ ಕಲಾವಿದ ಮತ್ತು ಸಂಗೀತ ರಚನಕಾರರು ರಖ್ಮನಿನಾಫ್ ಅವರ ಗೆಳೆಯರು. ರಷ್ಯದ ಕ್ರಾಂತಿಯ ಬಳಿಕ 1921ರಲ್ಲಿ ದೇಶ ಬಿಟ್ಟರು. ಊರಿಂದೂರಿಗೆ ಅಲೆದು 1930ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಕಾಲಕ್ಕೆ ತಕ್ಕಂತೆ ಕುಣಿಯುವ ಸಂಗೀತ ಅವರದಲ್ಲ. ಹಳೆಯ ನಿಯಮಗಳಿಗೆ ನಿಷ್ಠೆ. ಹೊಸ ಪಂಥದವರು ಅವರನ್ನು ಹಿಂದುಳಿದವರೆಂದು ಪಕ್ಕಕ್ಕೆ ಸರಿಸಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ವರಮಾನವೂ ನಿಂತಿತು. ಬಾಂಬಿನ ಭಯದಿಂದ ಲಂಡನ್ ಬಿಟ್ಟು, ಶಿಷ್ಯೆಯೊಬ್ಬರ ಮನೆಯಲ್ಲಿ ಆಶ್ರಯ ಪಡೆದರು. 1942ರಲ್ಲಿ ಹೃದಯಾಘಾತವಾಯಿತು. ಅಂತಹ ಸ್ಥಿತಿಯಲ್ಲಿ ಬರೆದು ಮುಗಿಸಿದ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು, ಎಂದರೆ ಪಿಯಾನೊ ಒಂಟಿಯಾಗಿಯೂ ಮಹಾವಾದ್ಯವೃಂದದೊಡನೆ ಸಂವಾದಿಸುತ್ತಲೂ ಸಾಗುವ ದೊಡ್ಡ ರಚನೆಯನ್ನು, ಅವರು 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು.

ಈ ಮುದುಕರ ಸಂಗೀತವನ್ನು ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಒಬ್ಬ ಯುವ ಅರಸರು ಗ್ರಾಮಫೋನ್ ತಟ್ಟೆಗಳ ಮೂಲಕವೂ ಮುದ್ರಿತ ಸ್ವರಲಿಪಿಯ ಮೂಲಕವೂ ಅರಿತು ಮೆಚ್ಚಿದ್ದರು. ಅರಮನೆಯ ಸಂಗ್ರಹದಲ್ಲಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂದು ಅಂದಾಜು. ಯುದ್ಧ ಮುಗಿದ ಮೇಲೆ ಅರಸರು ಮೆಟ್ನರ್ ಸೊಸೈಟಿ ಎಂಬ ಸಂಘವನ್ನು ಸ್ಥಾಪಿಸಿ, ಆ ರಚನಕಾರರು ಬದುಕಿರುವಾಗಲೇ ಅವರ ಕೃತಿಗಳನ್ನು ಅವರ ಬೆರಳುಗಳಿಂದಲೇ ನುಡಿಸಿ ಮುದ್ರಿಸಿಕೊಳ್ಳುವ ವೆಚ್ಚವನ್ನು ವಹಿಸಿದರು. ಮೂರು ಕಾನ್ಸರ್ಟೊಗಳು 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮುದ್ರಿತವಾದವು. ಆಮೇಲೆ ಪಿಯಾನೊ ಸೊನಾಟಗಳು, ಹಲವಾರು ಹಾಡುಗಳು. 1950ರ ನವೆಂಬರಿನಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಕ್ಕದಲ್ಲಿ ಪಿಯಾನೊ ನುಡಿಸಿದವರು ಕಾಯಿಲೆಯಿಂದ ಬಳಲಿದ್ದ ಮೆಟ್ನರರೇ. ಮರುವರ್ಷ ನವೆಂಬರ್ 13ರಂದು ಅವರು ತೀರಿಕೊಂಡರು. ತಮ್ಮ ಮೂರನೆಯ ಕಾನ್ಸರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಆ ಪುಸ್ತಕ ತೆರೆದರೂ ನಮ್ಮ ಮೈಸೂರಿನ ಹೆಸರು ಅದಕ್ಕೆ ಅಂಟಿಕೊಂಡೇ ಇರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಲಂಡನ್ನಿನಲ್ಲಿ ಆ ಕಾನ್ಸರ್ಟೊಗಳು ಮುದ್ರಣವಾದ 1947ರಲ್ಲಿಯೇ ಮಾರ್ಟಿಮರ್ ವೀಲರ್ ಎಂಬ ಇಂಗ್ಲಿಷ್ ಪ್ರಾಕ್ತನ ವಿದ್ವಾಂಸರು ಬ್ರಹ್ಮಗಿರಿಯಲ್ಲಿಯೂ ನಮ್ಮ ಚಂದ್ರವಳ್ಳಿಯಲ್ಲಿಯೂ ನೆಲ ಅಗೆಸುತ್ತಿದ್ದರು. ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯ ಸಿಕ್ಕಿತು. ನಮ್ಮ ಪ್ರಭುವು ಶಿಲುಬೆಗೇರಿದುದು ಯಾರ ಆಳ್ವಿಕೆಯಲ್ಲೋ ಅದೇ ತಿಬೇರಿಯಸ್. ಪಶ್ಚಿಮದ ಸರಕು ನಮ್ಮ ಕಣಿವೆಗೂ, ನಮ್ಮ ಸರಕು ಪಶ್ಚಿಮಕ್ಕೂ ಹೋಗಿಬರುತ್ತಿದ್ದುದು ಎರಡು ಸಾವಿರ ವರ್ಷಗಳಿಂದ. ಮೈಸೂರಿನ ಅರಸರು ರಷ್ಯದ ಸಂಗೀತವನ್ನು ಪ್ರೀತಿಸಿದರೆಂಬುದನ್ನು ಕೇಳಿ ಹುಬ್ಬೇರಿಸುವವರು ಆ ನಾಣ್ಯವನ್ನು ನೆನೆಯಬೇಕು.

ಮೆಟ್ನರರ ಮುದ್ರಣಗಳ ಹಿಂದೆ ಇದ್ದ ವ್ಯವಸ್ಥಾಪಕರು ವಾಲ್ಟರ್ ಲೆಗ್. ಅವರೇ 1945ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು ಕಟ್ಟಿದವರು. ಕಲಾವಿದರು ಉತ್ತಮರಾಗಿದ್ದರು, ಹಣ ಮಾತ್ರ ಇರಲಿಲ್ಲ. ಲೆಗ್ ಅವರು ಮೈಸೂರಿಗೆ ಬಂದು ಅರಸರ ಅತಿಥಿಯಾದರು. ಮೂವತ್ತು ತುಂಬದ ಅರಸರ ಸಂಗೀತಜ್ಞಾನವನ್ನೂ ಧ್ವನಿಮುದ್ರಿಕೆಗಳ ಭಂಡಾರವನ್ನೂ ಸಾಲಾಗಿ ನಿಂತ ಪಿಯಾನೊಗಳನ್ನೂ ಕಂಡು ಬೆರಗಾದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವಿನ ವಾಗ್ದಾನ ಪಡೆದು ಹಿಂದಿರುಗಿದರು. ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಗೆ ಜಯಚಾಮರಾಜರೇ ಮೊದಲ ಅಧ್ಯಕ್ಷರು. ಕರಾಯನ್ ಅವರ ನಿರ್ದೇಶನದಲ್ಲಿ ರಷ್ಯದ ಬಲಕಿರೆವ್ ಅವರ ಸಿಂಫನಿ ಧ್ವನಿಮುದ್ರಣವಾದುದೂ ಇದೇ ಪೋಷಣೆಯಲ್ಲಿ. ಅದೂ ಅಂದು ಹೆಚ್ಚು ಮಂದಿ ಕೇಳದಿದ್ದ ಕೃತಿ.

ಇವೆಲ್ಲಕ್ಕಿಂತ ಹೆಚ್ಚಾಗಿ ಜಗತ್ತು ನೆನೆಯುವುದು 1950ರ ಮೇ 22ರ ಸಂಜೆಯನ್ನು. ಜರ್ಮನಿಯ ಹಿರಿಯ ರಚನಕಾರರಾದ ರಿಚರ್ಡ್ ಸ್ಟ್ರಾಸ್ ಅವರು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ಒಂಟಿ ಸ್ತ್ರೀಕಂಠ ಮತ್ತು ದೊಡ್ಡ ವಾದ್ಯವೃಂದಕ್ಕಾಗಿ ನಾಲ್ಕು ಹಾಡುಗಳನ್ನು ರಚಿಸಿದ್ದರು. ಸಂಜೆ, ನಿದ್ರೆ, ಬಾಳಿನ ಕೊನೆ ಇವೇ ಆ ಹಾಡುಗಳ ವಸ್ತು. ಅವನ್ನು ಕೇಳುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ಸ್ಟ್ರಾಸ್ ನಿಧನರಾದರು. ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ಹಾಡುಗಳ ಪ್ರಥಮ ಪ್ರಯೋಗಕ್ಕೆ 4,800 ಡಾಲರುಗಳ ಭರವಸೆಯನ್ನು ಕೊಟ್ಟವರು ಮೈಸೂರಿನ ಮಹಾರಾಜರು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಹಣ ಕೊಟ್ಟ ಅರಸರು ಆ ಸಭೆಯಲ್ಲಿ ಇರಲಾಗಲಿಲ್ಲ. ಅಂದಿನ ಹಾಡುಗಾರಿಕೆಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಅವರ ಏರ್ಪಾಡು. ಪಿಯಾನೊ ಕಲಾವಿದನಾಗಿ ಆ ಹಾಲಿನ ವೇದಿಕೆಯನ್ನು ಏರಲು ಬಯಸಿದ್ದ ಯುವಕನಿಗೆ, ಮೂವತ್ತನೆಯ ವಯಸ್ಸಿನಲ್ಲಿ ಅಲ್ಲಿಯ ಸಂಗೀತ ತಟ್ಟೆಯ ಮೇಲೆ ಸುತ್ತುತ್ತ ಅರಮನೆಗೆ ಬಂದಿತು.

ಈಗ ಒಂದು ಕಷ್ಟದ ಪ್ರಶ್ನೆ. 10,000 ಪೌಂಡೆಂದರೆ ಆ ಕಾಲದ ದರದಲ್ಲಿ ಒಂದು ಲಕ್ಷದ ಮೂವತ್ತುಮೂರು ಸಾವಿರ ರೂಪಾಯಿಗಳ ಮೇಲಾಯಿತು. ಬರದ ಸೀಮೆಯಲ್ಲಿ ಹುಟ್ಟಿದ ನಾವು ಅಷ್ಟು ಹಣ ಲಂಡನ್ನಿನ ಪಿಟೀಲುಗಾರರಿಗೆ ಹೋದುದನ್ನು ಸುಮ್ಮನೆ ಓದಿಕೊಂಡು ಹೋಗಲು ಮನಸ್ಸು ಒಪ್ಪುವುದಿಲ್ಲ. ಹೊಸದುರ್ಗದ, ಹಿರಿಯೂರಿನ ಕಡೆಯ ರೈತನಿಗೆ ಒಂದು ಬಾವಿ ತೋಡಿಸಲು ಆಗ ಎಷ್ಟು ಹಣ ಬೇಕಿತ್ತು? ಇದೇ ರಾಜವಂಶವು ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿಸಿ, 1907ರಲ್ಲಿ ಮುಗಿಸಿ, ವಾಣೀವಿಲಾಸ ಸಾಗರವನ್ನು ನಮಗೆ ಕೊಟ್ಟಿತೆಂಬುದು ನಿಜ. ಆ ಋಣವನ್ನು ಮರೆತರೆ ನಾವು ಕೃತಘ್ನರು. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ನಾಲ್ವಡಿಯವರು ಅಸ್ತಿಭಾರ ಹಾಕಿದರೆಂಬುದನ್ನೂ ಮರೆಯಲಾರೆವು. 1947ರ ಅಕ್ಟೋಬರಿನಲ್ಲಿ ಚೆಂಗಲರಾಯ ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಮೇಲೆ ರಾಜ್ಯದ ಬೊಕ್ಕಸ ಅರಸರ ಕೈಯಲ್ಲಿರಲಿಲ್ಲವೆಂಬುದೂ ನಿಜ. ಆದರೂ ಅರಸರ ಐಶ್ವರ್ಯ ಎಲ್ಲಿಂದ ಬಂದುದೆಂಬುದನ್ನು ಹೊಲ ಉಳುವವನು ಬಲ್ಲ. ಇನ್ನೊಂದು ಮಾತೂ ಇದೆ. ಅದೇ ಕಾಲದಲ್ಲಿ ಬೇರೆ ಅರಸರ ಹಣ ಕುದುರೆಜೂಜಿಗೂ ಮೋಟಾರುಗಳಿಗೂ ಹೋದುದುಂಟು. ಅದರಿಂದ ಉಳಿದುದೇನೂ ಇಲ್ಲ. ಇಲ್ಲಿ, ಕಾಯಿಲೆಯಿಂದ ಬಿದ್ದಿದ್ದ ಒಬ್ಬ ಮುದುಕರ ಇಡೀ ಬದುಕಿನ ಕೆಲಸ ಅಳಿಯದೆ ಉಳಿಯಿತು. ಇವೆರಡನ್ನೂ ತಕ್ಕಡಿಯಲ್ಲಿಟ್ಟರೆ ಮುಳ್ಳು ನಮ್ಮ ಮನಸ್ಸಿನಲ್ಲಿ ಇನ್ನೂ ಆಡುತ್ತಲೇ ಇದೆ.

ಎರಡು ಕವಲುಗಳ ಕಥೆಯನ್ನು ಹೇಳಿಯಾಯಿತು. ಇವು ಎಲ್ಲಿಯಾದರೂ ಕೂಡಿದವೆ? ಗಾನವೃಂದದವರು ಕೇಳಬೇಕಾದ ಪ್ರಶ್ನೆ ಇದು. ದೀಕ್ಷಿತರ ಉದಾಹರಣೆಯನ್ನೇ ನೋಡೋಣ. ಶ್ರೀವಿದ್ಯೆಯ ಉಪಾಸಕರಾದ ಅವರು ಮದರಾಸಿನ ಬಳಿ ಇದ್ದಾಗ ಇಂಗ್ಲಿಷರ ಬ್ಯಾಂಡನ್ನು ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. ನೊಟ್ಟುಸ್ವರಗಳೆಂದು ಇಂದಿಗೂ ಮಕ್ಕಳಿಗೆ ಕಲಿಸುವುದು ಅವನ್ನೇ. ದೀಕ್ಷಿತರು ಬೀದಿಯ ಬ್ಯಾಂಡನ್ನು ಕೇಳಿ ಅಷ್ಟು ಮಾಡಿದರೆ, ಬಾಖ್ ಮತ್ತು ಬೀಥೋವನ್ ಅವರನ್ನು ಬೆರಳ ತುದಿಯಲ್ಲಿ ಬಲ್ಲ ಜಯಚಾಮರಾಜರು ಇನ್ನೆಷ್ಟು ಮಾಡಬಹುದಿತ್ತು! ಅವರು ಮಾಡಲಿಲ್ಲ. ಅವರ ಕೃತಿಗಳನ್ನು ನಾವು ಕೇಳಿದ ಮಟ್ಟಿಗೆ ಎಲ್ಲಿಯೂ ಪಿಯಾನೊವಿನ ನೆರಳಿಲ್ಲ. ರಾಗವು ರಾಗವಾಗಿಯೇ, ಒಂದೇ ಎಳೆಯಾಗಿ, ತನ್ನ ಗಮಕಗಳೊಡನೆ ನಡೆಯುತ್ತದೆ. ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ಮೊಳಗುವ ಪಾಶ್ಚಾತ್ಯ ಸಂಗೀತಕ್ಕೆ ಅವರು ಬೇರೆಯ ಕೋಣೆಯನ್ನಿಟ್ಟಿದ್ದರು.

ನಮ್ಮ ಅಭಿಪ್ರಾಯದಲ್ಲಿ ಆ ಎರಡು ಕೋಣೆಗಳಿಗೂ ಒಂದೇ ಬಾಗಿಲು ಇತ್ತು. ಲಂಡನ್ನಿನಲ್ಲಿ ಅವರು ಎತ್ತಿಹಿಡಿದುದು ಜನ ಮರೆತಿದ್ದ ಮೆಟ್ನರರನ್ನು. ಮೈಸೂರಿನಲ್ಲಿ ಅವರು ಎತ್ತಿಕೊಂಡುದು ಜನ ಮರೆತಿದ್ದ ರಾಗಗಳನ್ನು. ಮೂಲೆಗೆ ಬಿದ್ದ ಒಳ್ಳೆಯದನ್ನು ಹುಡುಕಿ ಹೊರಗೆ ತರುವ ಕಿವಿ ಅವರದು. ಹಾಗೂ ಎರಡು ಕಡೆಯೂ ತಾವು ಮುಂದೆ ನಿಲ್ಲಲಿಲ್ಲ: ಅಲ್ಲಿ ಮತ್ತೊಬ್ಬರ ಬೆರಳು, ಇಲ್ಲಿ ದೇವಿಯ ಅಂಕಿತ.

1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆಯಾ ನಾಡಿನ ಸಂಗೀತಕ್ಕೆ ದೈವಾರಾಧನೆಯಲ್ಲಿ ಸ್ಥಾನ ಕೊಟ್ಟಿತು. ಆಗಲೂ ಜಯಚಾಮರಾಜರು ಮೈಸೂರಿನ ರಾಜ್ಯಪಾಲರಾಗಿದ್ದರು. ಅಂದಿನಿಂದ ನಮ್ಮ ದೇವಾಲಯಗಳಲ್ಲಿ ಲತೀನಿನ ಗ್ರೆಗೋರಿಯನ್ ಗಾನ ಹಿಂದೆ ಸರಿದು, ತಬಲ, ಹಾರ್ಮೋನಿಯಂ, ಭಜನೆ ಬಂದವು. ಈಗ ಕೀಬೋರ್ಡು ಬಂದಿದೆ. ಮೋಹನ ರಾಗದ ಗೀತೆಗೆ ಕೀಬೋರ್ಡಿನ ಗುಂಡಿಯೊತ್ತಿದರೆ ಹೊರಡುವ ಸಿದ್ಧ ತಾಳವನ್ನೂ ಮೂರು ಸ್ವರಗಳ ಕಟ್ಟನ್ನೂ ಸೇರಿಸಿಬಿಡುವುದನ್ನು ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ನಾವು ಸಹನೆಯಿಂದ ಕೇಳುತ್ತ ಬಂದಿದ್ದೇವೆ. ಬೆರೆಸಬಾರದೆಂದಲ್ಲ. ಮೈಸೂರಿನಲ್ಲಿಯೇ ವೆಂಕಟಗಿರಿಯಪ್ಪನವರು ಬೆರೆಸಿ ಗೆದ್ದರು. ಆದರೆ ಅವರು ಎರಡನ್ನೂ ಬಲ್ಲವರಾಗಿದ್ದರು. ಎರಡನ್ನೂ ಬಲ್ಲ ಅರಸರು ಬೆರೆಸದೆ ಇದ್ದರು. ನಮ್ಮವರು ಇವರಿಬ್ಬರಲ್ಲಿ ಯಾರ ದಾರಿಯನ್ನಾದರೂ ಹಿಡಿಯಲಿ. ಮೊದಲು ಲತೀನಿನ ಒಂದು ಹಳೆಯ ಗಾನವನ್ನೂ ಕನ್ನಡದ ಒಂದು ಕೀರ್ತನೆಯನ್ನೂ ಶುದ್ಧವಾಗಿ ಹಾಡಲು ಕಲಿಯಲಿ.

ಅರಸರ ಉಳಿದ ಜೀವನವನ್ನು ಚುಟುಕಾಗಿ ಹೇಳಬಹುದು. 1947ರಲ್ಲಿ ಸಂಸ್ಥಾನವನ್ನು ಭಾರತದ ಒಕ್ಕೂಟಕ್ಕೆ ಸೇರಿಸುವ ಪತ್ರಕ್ಕೆ ಸಹಿ ಹಾಕಿದರು. 1950ರ ಜನವರಿ 26ರಿಂದ ರಾಜಪ್ರಮುಖರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಆ ವಿಶಾಲ ಮೈಸೂರಿನ ಮೊದಲ ರಾಜ್ಯಪಾಲರು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರು. ಆಳಿದ ನಾಡಿನಲ್ಲಿಯೇ ಸಂವಿಧಾನಕ್ಕೆ ಅಧೀನನಾದ ಅಧಿಕಾರಿಯಾಗಿ ದುಡಿಯಲು ಬೇಕಾದ ವಿನಯ ಎಲ್ಲ ಅರಸರಿಗೂ ಇರಲಿಲ್ಲ. ದತ್ತಾತ್ರೇಯ ತತ್ತ್ವವನ್ನೂ ಭಾರತೀಯ ಸೌಂದರ್ಯಮೀಮಾಂಸೆಯನ್ನೂ ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡದ ಅರ್ಥದೊಡನೆ ಅಚ್ಚು ಹಾಕಿಸಿದ ಗ್ರಂಥಮಾಲೆ ಅವರ ಹೆಸರಿನಲ್ಲಿದೆ. ಹಳ್ಳಿಯ ಪುರಾಣಪಠಣದ ಮನೆಗಳಲ್ಲಿ ಆ ದಪ್ಪ ಸಂಪುಟಗಳನ್ನು ನಾವೂ ಕಂಡಿದ್ದೇವೆ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿ ಗೌರವಿಸಿತು. ವಾಸುದೇವಾಚಾರ್ಯರು ಅದಕ್ಕೆ ಐದು ವರ್ಷ ಮೊದಲೇ, 1961ರಲ್ಲಿ, ತೊಂಬತ್ತೈದರ ಹಣ್ಣು ವಯಸ್ಸಿನಲ್ಲಿ ಕಾಲವಾಗಿದ್ದರು. ಶಿಷ್ಯನಿಗೆ ಬಂದ ಗೌರವವನ್ನು ಅವರು ನೋಡಲಿಲ್ಲ.

1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಜಯಚಾಮರಾಜೇಂದ್ರ ಒಡೆಯರವರು ಬೆಂಗಳೂರಿನ ಅರಮನೆಯಲ್ಲಿ ನಿಧನರಾದರು. ವಯಸ್ಸು ಐವತ್ತೈದು. ಅವರ 94 ಕೃತಿಗಳು ಸ್ವರಲಿಪಿಯೊಡನೆ ಅಚ್ಚಾಗಿ ಬಂದಿವೆ. ವಿದ್ವಾಂಸರು ಕಛೇರಿಯನ್ನು ಅಠಾಣದ ಆ ಗಣಪತಿಯ ಕೃತಿಯಿಂದ ಆರಂಭಿಸುವುದುಂಟು; ಕೇಳುವವರಲ್ಲಿ ಅನೇಕರಿಗೆ ಅದು ಅರಸರ ರಚನೆಯೆಂಬುದು ಗೊತ್ತಿರುವುದಿಲ್ಲ. ಮೆಟ್ನರರ ಹಳೆಯ ತಟ್ಟೆಗಳು ಸಿ.ಡಿ.ಗಳಾಗಿ ಮರುಜನ್ಮ ಪಡೆದಿವೆ. ಅವುಗಳಲ್ಲಿ ಮೂರನೆಯ ಕಾನ್ಸರ್ಟೊವನ್ನು ನಮ್ಮ ಗಾನವೃಂದದವರು ಒಂದು ಸಂಜೆ ಕುಳಿತು ಪೂರ್ತಿಯಾಗಿ ಕೇಳಬಹುದು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು.